ಹತ್ತೊಂಬತ್ತನೆಯ ಸೆಕೆಂಡು

ನನ್ನ ಭಾವನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವಳು ಏನನ್ನೋ ಮುಚ್ಚಿಟ್ಟಳು ಅನ್ನುವ ಮಾತು ಆಮೇಲೆ ಬರಬಾರದು. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ, ಅದೂ ಇಪ್ಪತ್ತೊಂದು ವರ್ಷದಿಂದ. ಅಕ್ಕನ ಗಂಡ ಅನ್ನುವುದು ಲೋಕದ ಮಾತು. ನನ್ನ ಪಾಲಿಗೆ ಆತ ನನ್ನ ಅಮ್ಮನನ್ನು ನೀರಿಗೆ ಕೊಟ್ಟ ಮನುಷ್ಯ.

ಆಗ ಆತ ಊರ ಮೇಲಿನ ಅಣೆಕಟ್ಟಿನಲ್ಲಿ ಗೇಟು ಎತ್ತಿಳಿಸುವ ಕೆಲಸದಲ್ಲಿದ್ದ. ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ನೀರು ಕೆಳಬೀದಿಗೆ ನುಗ್ಗಿ ಹನ್ನೊಂದು ಜನ ಸತ್ತರು. ಅವರಲ್ಲಿ ಅಮ್ಮನೂ ಒಬ್ಬಳು. ಅವಳಿಗೆ ಮಂಡಿನೋವು, ಮಹಡಿ ಹತ್ತಲು ಆಗುತ್ತಿರಲಿಲ್ಲ. ಹೊಲಿಗೆ ಮಷೀನಿನ ಪಕ್ಕದಲ್ಲಿ ಸಿಕ್ಕಳು.

ವಿಚಾರಣೆಗೆ ಒಂದು ಸಮಿತಿ ಬಂತು. ಭಾವನದು ಒಂದೇ ವಾದ. "ಗೇಟು ಹೊತ್ತಿಗೆ ಸರಿಯಾಗಿ ಎತ್ತಿದೀನಿ. ನೀರು ಹೊಳೆಗೆ ಹೋಗೋ ದೊಡ್ಡ ಕಾಲುವೆಗೆ ಗೋದಾಮಿನವನು ಮಳೆಗಾಲಕ್ಕೆ ಮೊದಲೇ ಮಣ್ಣು ತುಂಬಿಸಿದ್ದ. ನೀರು ಎಲ್ಲಿಗೆ ಹೋಗ್ಬೇಕು? ತಿರುಗಿ ಬೀದಿಗೆ ಬಂತು." ಕಾಲುವೆಯ ಪಕ್ಕದಲ್ಲಿ ಗೋದಾಮು ಕಟ್ಟುತ್ತಿದ್ದ ಮಾಲೀಕ, ಆ ಮಣ್ಣು ಬಿದ್ದದ್ದು ಪ್ರವಾಹವಾದ ಮೇಲೆ, ಊರು ಚೊಕ್ಕಟ ಮಾಡುವಾಗ ಜನರೇ ತಂದು ಸುರಿದದ್ದು ಅಂದ. ಸಮಿತಿ ಮಾಲೀಕನನ್ನು ನಂಬಿತು. ಕಾಲುವೆ ತೆರೆದೇ ಇದ್ದ ಮೇಲೆ ನೀರು ನುಗ್ಗಲು ಒಂದೇ ಕಾರಣ, ಗೇಟು ತಡವಾಗಿ, ಒಮ್ಮೆಲೇ ಎತ್ತಿದ್ದು. ಭಾವನ ಕೆಲಸ ಹೋಯಿತು. ಅಣೆಕಟ್ಟಿನ ಇಲಾಖೆಯ ಕಡತದಲ್ಲಿ ಅವನ ಹೆಸರಿನ ಮುಂದೆ 'ತಪ್ಪಿತಸ್ಥ' ಅನ್ನುವ ಪದ ಕೂತಿತು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ.

ಅಮ್ಮ ಹೋದ ದಿನ ಪ್ರತಿ ವರ್ಷ ಅಕ್ಕ ನನ್ನ ಮನೆಗೆ ಬರುತ್ತಾಳೆ. ಇಬ್ಬರೂ ಕೂತು ಅಮ್ಮನಿಗೆ ಇಷ್ಟವಾಗಿದ್ದನ್ನು ಅಡುಗೆ ಮಾಡಿ ಉಣ್ಣುತ್ತೇವೆ. ಭಾವ ಅವಳನ್ನು ಸ್ಕೂಟರಿನಲ್ಲಿ ತಂದು ಬಿಡುತ್ತಾನೆ. ಹೊಸ್ತಿಲು ದಾಟಕೂಡದು ಅಂತ ಮೊದಲ ವರ್ಷವೇ ಹೇಳಿದ್ದೆ. ಅಕ್ಕ ಹೊರಡುವ ತನಕ ಎದುರಿನ ಟೈರ್ ಅಂಗಡಿಯ ಮುಂದೆ ನಿಂತಿರುತ್ತಾನೆ, ಬಿಸಿಲಿರಲಿ, ಮಳೆಯಿರಲಿ. ಹೀಗೆ ಇಪ್ಪತ್ತು ಸಲ ನಿಂತಿದ್ದಾನೆ. ನಾನು ನಡುನಡುವೆ ಕಿಟಕಿಗೆ ಹೋಗಿ ನೋಡುತ್ತಿದ್ದೆ. ಸಂತೋಷಕ್ಕೇ ನೋಡುತ್ತಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ.

ಇನ್ನು ನನ್ನ ಕೆಲಸ. ನಕ್ಷೆ ಕಚೇರಿಯಲ್ಲಿ ಉಪಗ್ರಹದ ಚಿತ್ರಗಳನ್ನು ಜೋಡಿಸುವುದು. ಉಪಗ್ರಹ ಹದಿನಾರು ದಿನಕ್ಕೊಮ್ಮೆ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ, ಬೆಳಗಿನ ಹತ್ತರ ಹೊತ್ತಿಗೆ. ಅದು ಚಿತ್ರ ತೆಗೆಯುತ್ತದೆ, ನಾವು ತೊಳೆದು, ಒರೆಸಿ, ಜೋಡಿಸುತ್ತೇವೆ. ಈ ಕೆಲಸದ ದೊಡ್ಡ ಶತ್ರು ಮೋಡ. ಒಂದು ವರ್ಷದ ಚಿತ್ರದಲ್ಲಿ ಒಂದು ಮೂಲೆ ಮೋಡದಿಂದ ಮುಚ್ಚಿಹೋಗಿದ್ದರೆ, ಹಿಂದಿನ ವರ್ಷದ ಇಲ್ಲವೇ ಮುಂದಿನ ವರ್ಷದ ಚಿತ್ರದಿಂದ ಅಷ್ಟೇ ಜಾಗ ಕತ್ತರಿಸಿ ಅಲ್ಲಿಗೆ ತುಂಬುತ್ತೇವೆ. ನಾವು ಅದಕ್ಕೆ ತೇಪೆ ಅನ್ನುತ್ತೇವೆ. ಅಮ್ಮ ಲಾಂಡ್ರಿಯವರ ಹರಿದ ಬಟ್ಟೆಗಳಿಗೆ ತೇಪೆ ಹಾಕುತ್ತಿದ್ದಳು. ಹಾಕಿದ್ದು ಕಾಣಬಾರದು ಅನ್ನುತ್ತಿದ್ದಳು. ಕಚೇರಿಯಲ್ಲಿ ನನ್ನಷ್ಟು ನಾಜೂಕಾಗಿ ತೇಪೆ ಹಾಕುವವರು ಇನ್ನೊಬ್ಬರಿಲ್ಲ.

ಹೋದ ವರ್ಷ ಸಾಹೇಬರು, ಅಂದರೆ ನಮ್ಮ ಕಚೇರಿಯ ಮುಖ್ಯಸ್ಥರು, ಒಂದು ಪ್ರದರ್ಶನ ಮಾಡೋಣ ಅಂದರು. ನಲವತ್ತು ವರ್ಷದಲ್ಲಿ ಭೂಮಿ ಹೇಗೆ ಬದಲಾಗಿದೆ ಅಂತ ನಲವತ್ತು ಸೆಕೆಂಡಿನಲ್ಲಿ ತೋರಿಸುವುದು, ವರ್ಷಕ್ಕೊಂದು ಸೆಕೆಂಡು. ದೂರದ ಹಿಮದ ಬೆಟ್ಟಗಳದ್ದೊಂದು, ಸಮುದ್ರ ತಿನ್ನುತ್ತಿರುವ ತೀರದ್ದೊಂದು, ದಿಕ್ಕು ಬದಲಿಸುವ ನದಿಯದ್ದೊಂದು, ಕೊನೆಗೆ ನಮ್ಮ ಊರಿನದ್ದು. ಎಲ್ಲವನ್ನೂ ಕಟ್ಟಿದವಳು ನಾನು. ಊರು ಚೆಲ್ಲಿದ ಮಸಿಯ ಹಾಗೆ ಹರಡುವುದು, ಕಾಡು ಅಂಚಿನಿಂದ ಒಳಗೆ ಸವೆಯುತ್ತಾ ಹೋಗುವುದು, ಕೆರೆಗಳು ಒಂದೊಂದಾಗಿ ಕಣ್ಣು ಮುಚ್ಚುವುದು ಎಲ್ಲ ಇತ್ತು. ಜನ ಬಂದರು, ಅಯ್ಯೋ ಅಂದರು, ತಮ್ಮ ತಮ್ಮ ಮನೆ ಹುಡುಕಿದರು, ಹೊರಗೆ ಹೋಗಿ ಕಾಫಿ ಕುಡಿದರು. ಮನೆ ಕಟ್ಟಲು ಕಾಡು ಕಡಿದವರೇ ಕಾಡು ಹೋಯಿತಲ್ಲ ಅಂತ ಲೊಚಗುಟ್ಟುವುದನ್ನು ನಾನು ಬಾಗಿಲ ಪಕ್ಕದಲ್ಲಿ ನಿಂತು ನೋಡಿದೆ. ಎಲ್ಲರ ಮೇಲೂ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಎರಡನೆಯ ದಿನ ಅಕ್ಕ ಬಂದಳು. ಜೊತೆಗೆ ಭಾವ. ಸರ್ಕಾರಿ ಸಭಾಂಗಣಕ್ಕೆ ನನ್ನ ಹೊಸ್ತಿಲಿನ ನಿಯಮ ಇಲ್ಲವಲ್ಲ. ಇಬ್ಬರೂ ಮುಂದಿನ ಸಾಲಿನಲ್ಲಿ ನಿಂತರು. ನಮ್ಮ ಊರಿನ ಚಿತ್ರ ಶುರುವಾಯಿತು, ಓಡಿತು, ಇದ್ದಕ್ಕಿದ್ದ ಹಾಗೆ ಭಾವ ಕೂಗಿದ.

"ನಿಲ್ಸಿ! ನಿಲ್ಸಿ ಅದನ್ನ!"

ಚಿತ್ರ ನಿಲ್ಲಲಿಲ್ಲ. ಅದು ಮುಗಿದು ಮತ್ತೆ ಮೊದಲಿನಿಂದ ಬರುವ ತನಕ ಆತ ಪರದೆಯ ಹತ್ತಿರವೇ ನಿಂತು ಬಾಯಲ್ಲಿ ಎಣಿಸಿದ. ಹತ್ತೊಂಬತ್ತು ಅಂದವನೇ ಬೆರಳಿಟ್ಟ. ಅಣೆಕಟ್ಟಿನ ಕೆಳಗೆ, ದೊಡ್ಡ ಕಾಲುವೆಯ ಕಪ್ಪು ಗೆರೆಯ ನಡುವೆ, ಮಣ್ಣಿನ ಬಿಳಿ ಕಲೆ.

"ಪ್ರವಾಹ ಬಂದ ವರ್ಷ ಇದು! ಮಳೆಗಾಲಕ್ಕೆ ಮೊದಲಿನ ಚಿತ್ರ ಅಂತ ನೀವೇ ಬೋರ್ಡ್ ಹಾಕಿದೀರಿ. ಮಣ್ಣು ಆಗಲೇ ಬಿದ್ದಿದೆ. ನೋಡ್ರಪ್ಪಾ, ಎಲ್ರೂ ನೋಡಿ. ನಾನು ಹೇಳಿದ್ದು ಸುಳ್ಳಾ?"

ಅಕ್ಕ ಅಳುತ್ತಿದ್ದಳು. ಆತ ಇಡೀ ಸಭಾಂಗಣ ದಾಟಿ ನನ್ನ ಮುಂದೆ ಬಂದು ನಿಂತ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮುಖಕ್ಕೆ ನೇರ ಮಾತಾಡಿದ.

"ನಿನ್ನ ಕೈಯಿಂದಾನೇ ಬಂತಲ್ಲ ಸಾಕ್ಷಿ. ಈಗೇನಂತೀಯಾ?"

 ಆ ಮೂಲೆ ನನಗೆ ಅಂಗೈಯಷ್ಟೇ ಗೊತ್ತಿತ್ತು. ಹತ್ತೊಂಬತ್ತನೆಯ ವರ್ಷಕ್ಕೆ ಆರಿಸಿದ ಚಿತ್ರದಲ್ಲಿ ಅಲ್ಲಿ ಬರೀ ಮೋಡ. ಮರುವರ್ಷದ ಚಿತ್ರದಿಂದ ಕತ್ತರಿಸಿ ನಾನೇ ತುಂಬಿದ್ದೆ. ಆತ ಬೆರಳಿಟ್ಟು ಕುಣಿದ ಮಣ್ಣು ಪ್ರವಾಹವಾದ ಮರುವರ್ಷದ ಮಣ್ಣು. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹತ್ತಲಿ, ಇನ್ನಷ್ಟು ಮೇಲೆ ಹತ್ತಲಿ, ಎತ್ತರದಿಂದ ಬಿದ್ದರೆ ಪೆಟ್ಟು ಜೋರು ಅಂದುಕೊಂಡೆ.

ಆತ ಹತ್ತಿದ. ಅಣೆಕಟ್ಟಿನ ಇಲಾಖೆಗೆ ಅರ್ಜಿ ಹಾಕಿದ. ಪರಿಹಾರ ಬೇಡ, ಸಂಬಳ ಬೇಡ, ಕಡತದಿಂದ ಆ ಒಂದು ಪದ ತೆಗೆಯಿರಿ ಅಂತ. ಗೋದಾಮಿನ ಮಾಲೀಕ ಸತ್ತು ಹತ್ತು ವರ್ಷವಾಗಿತ್ತು, ಹಾಗಾಗಿ ಅಡ್ಡ ಬರುವವರೂ ಇರಲಿಲ್ಲ. ಇಲಾಖೆ ನಮ್ಮ ಕಚೇರಿಗೆ ಪತ್ರ ಬರೆಯಿತು. ಪ್ರದರ್ಶನದ ಹತ್ತೊಂಬತ್ತನೆಯ ಚಿತ್ರ ನಿಜವಾಗಿ ಯಾವ ದಿನಾಂಕದ್ದು, ದೃಢೀಕರಿಸಿ ತಿಳಿಸಿ. ಸಾಹೇಬರು ಪತ್ರವನ್ನು ನನ್ನ ಮೇಜಿಗೆ ಕಳಿಸಿದರು. ಬೆಕ್ಕಿನ ಮುಂದೆ ಹಾಲಿಟ್ಟ ಹಾಗಾಯಿತು.

ಸುದ್ದಿ ತಿಳಿದು ಅಕ್ಕ ಆ ಸಂಜೆ ನನ್ನ ಮನೆಗೆ ಬಂದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಅವಳೇ ಟೀ ಮಾಡಿಕೊಂಡು, ಖುಷಿಯಿಂದ ಮಾತಾಡಿದಳು. ಎಷ್ಟೋ ವರ್ಷಗಳ ಮೇಲೆ ಅವಳ ಖುಷಿ ನೋಡಿದೆ.

"ರಾತ್ರಿ ನಿದ್ದೆ ಮಾಡ್ತಾರೆ ಕಣೇ ಈಗ. ಊಟ ಎರಡನೇ ಸಲ ಬಡಿಸ್ಕೋತಾರೆ."

"ಅಕ್ಕ, ಅದು ತೇಪೆ," ಅಂದೆ.

"ಏನು?"

"ಆ ಚಿತ್ರ. ಮೋಡ ಇತ್ತು ಅಂತ ಮುಂದಿನ ವರ್ಷದ್ದು ತಂದು ಹಚ್ಚಿದೀನಿ. ಅದರಲ್ಲಿ ಕಾಣ್ತಿರೋದು ಪ್ರವಾಹ ಆದ್ಮೇಲಿನ ಮಣ್ಣು. ನಾಳೆ ಹಾಗೇ ಬರೆದು ಕಳಿಸ್ತೀನಿ."

ಅವಳು ಲೋಟ ಕೆಳಗಿಟ್ಟಳು. "ಯಾರಿಗೆ ಗೊತ್ತು ಇದು?"

"ನನಗೆ."

"ಹಾಗಾದ್ರೆ ನಿನ್ನಲ್ಲೇ ಇಟ್ಕೋ. ಆಯುಸ್ಸು ಮುಗೀತಾ ಬಂತು ಅವರದ್ದು. ಒಂದು ಪದ ಅಳಿಸಿದ್ರೆ ಯಾರ ಗಂಟು ಹೋಗತ್ತೆ?"

"ಅಮ್ಮನದ್ದು ಹೋಗತ್ತೆ. ಸುಳ್ಳು ಸಾಕ್ಷಿಗೆ ನಾನು ಸಹಿ ಹಾಕಲ್ಲ. ಕಚೇರಿ ಅಂದ್ರೆ ಅದಕ್ಕೊಂದು ನಿಯತ್ತು ಅಂತ ಇರತ್ತೆ."

ಅಕ್ಕ ಎದ್ದಳು. ಅವಳು ಜೋರಾಗಿ ಮಾತಾಡುವವಳಲ್ಲ. ಆವತ್ತೂ ಮೆತ್ತಗೇ ಹೇಳಿದಳು. "ನಿಯತ್ತಿನ ಮಾತು ಬೇಡ. ನಿನಗೆ ಅವರನ್ನ ಇನ್ನೊಂದು ಸಲ ಮುಳುಗಿಸ್ಬೇಕು, ಅಷ್ಟೆ. ಅಮ್ಮನ ಹೆಸರು ಹೇಳ್ಕೊಂಡು ಇನ್ನೂ ಎಷ್ಟು ವರ್ಷ ಕಾರ್ಕೋತೀಯಾ ವಿಷ?"

"ವಿಷ ಅಂದ್ರೆ ವಿಷಾನೇ. ಹೋಗು," ಅಂದೆ. ಹೋದಳು. ಅವಳ ಲೋಟ ತೊಳೆದು ಬೋರಲು ಹಾಕಿದೆ.

ಮರುದಿನ ಉತ್ತರ ಬರೆಯಲು ಕೂತೆ. ಎರಡು ಸಾಲಿನ ಕೆಲಸ. ಆದರೆ ನನಗೆ ಎರಡು ಸಾಲು ಸಾಲಲಿಲ್ಲ. ಆತ ನಾಳೆ ಬೇರೆ ಚಿತ್ರ ತೋರಿಸಿ ಅಂತ ಇನ್ನೊಂದು ಅರ್ಜಿ ಹಾಕಬಾರದು. ಆ ವರ್ಷ ಪ್ರವಾಹಕ್ಕೆ ಮುಂಚಿನ ಎರಡು ತಿಂಗಳ ಒಂದೂ ಚಿತ್ರದಲ್ಲಿ ಕಾಲುವೆ ಕಾಣುವುದಿಲ್ಲ ಅಂತ ಬರೆದು ಬಾಗಿಲಿಗೆ ಅಗುಳಿ ಹಾಕಿಬಿಡಬೇಕು. ಅದಕ್ಕಾಗಿ ಹಳೆಯ ಸಂಗ್ರಹದಿಂದ ಆ ವರ್ಷದ ಎಲ್ಲ ಮೂಲ ಚಿತ್ರಗಳನ್ನೂ ಇಳಿಸಿಕೊಂಡೆ. ಇಪ್ಪತ್ತಮೂರು ಇದ್ದವು. ಒಂದೊಂದನ್ನೂ ಪೂರ್ತಿ ದೊಡ್ಡದು ಮಾಡಿ ತೆರೆಯತೊಡಗಿದೆ. ಮಾಮೂಲಾಗಿ ಯಾರೂ ಹಾಗೆ ಮಾಡುವುದಿಲ್ಲ. ಪ್ರತಿ ಚಿತ್ರಕ್ಕೂ ಹೆಬ್ಬೆರಳ ಉಗುರಿನಷ್ಟು ಒಂದು ಸಣ್ಣ ಪ್ರತಿ ಇರುತ್ತದೆ, ಪಕ್ಕದಲ್ಲಿ ಮೋಡ ನೂರಕ್ಕೆ ಎಷ್ಟು ಅನ್ನುವ ಅಂಕಿ. ಎಪ್ಪತ್ತು ದಾಟಿದರೆ ತೆರೆಯದೆಯೇ ಬದಿಗೆ ಸರಿಸುವುದು ನಮ್ಮ ರೂಢಿ. ಜೀವಮಾನವಿಡೀ ಹಾಗೆ ಸಾವಿರಾರು ಸರಿಸಿದ್ದೇನೆ.

ಹದಿಮೂರನೆಯ ಚಿತ್ರದ ಮೋಡ ನೂರಕ್ಕೆ ಎಂಬತ್ತನಾಲ್ಕು. ಪ್ರವಾಹಕ್ಕೆ ಹನ್ನೊಂದು ದಿನ ಮೊದಲಿನದು. ತೆರೆದೆ. ಇಡೀ ಪರದೆ ಹಿಂಜಿದ ಹತ್ತಿ. ಅಣೆಕಟ್ಟಿನ ಕಡೆಗೆ ಸರಿದೆ, ಅಲ್ಲಿ ಮೋಡದಲ್ಲಿ ಒಂದು ಸಂದು ಇತ್ತು. ಬಟ್ಟೆಯಲ್ಲಿ ಬೀಡಿ ಸುಟ್ಟ ತೂತಿನಷ್ಟು. ಆ ತೂತಿನೊಳಗೆ ದೊಡ್ಡ ಕಾಲುವೆ ಇತ್ತು. ಕಾಲುವೆಯ ನಡುವೆ ಬಿಳಿ ಕಲೆ ಇತ್ತು.

ಅದು ಮೋಡದ ಚೂರಿರಬಹುದು ಅಂತ ಎಲ್ಲ ರೀತಿಯಲ್ಲೂ ಪರೀಕ್ಷಿಸಿದೆ. ನಮ್ಮ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಮೂವತ್ತು ಮೀಟರ್. ಅಲ್ಲಿ ಆರು ಚುಕ್ಕೆಗಳು. ಮೋಡಕ್ಕೆ ನೆರಳಿರುತ್ತದೆ, ಇದಕ್ಕಿರಲಿಲ್ಲ. ಮೋಡ ತಣ್ಣಗಿರುತ್ತದೆ, ಇದು ಸುತ್ತಲಿನ ನೆಲದಷ್ಟೇ ಬೆಚ್ಚಗಿತ್ತು. ಮರುವರ್ಷದ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದೆ, ಅದೇ ಜಾಗ, ಅದೇ ಆಕಾರ. ಪ್ರವಾಹ ಬರುವುದಕ್ಕೆ ಹನ್ನೊಂದು ದಿನ ಮೊದಲು ಕಾಲುವೆ ತುಂಬಿ ಹೋಗಿತ್ತು. ಭಾವ ಇಪ್ಪತ್ತೊಂದು ವರ್ಷ ಹೇಳಿದ್ದು ಅಕ್ಷರ ಅಕ್ಷರವೂ ನಿಜ.

ಕಂಪ್ಯೂಟರ್ ಆರಿಸಿ ಕ್ಯಾಂಟೀನಿಗೆ ಹೋಗಿ ಕೂತೆ. ಮನಸ್ಸು ಒಳ್ಳೆಯದನ್ನೇ ಯೋಚಿಸಿತು ಅಂತ ಸುಳ್ಳು ಹೇಳುವುದಿಲ್ಲ. ಇಲಾಖೆ ಕೇಳಿರುವುದು ಪ್ರದರ್ಶನದ ಚಿತ್ರದ ಬಗ್ಗೆ ಮಾತ್ರ. ಅದು ತೇಪೆ ಅಂತ ಬರೆದರೆ ಅದೂ ನಿಜವೇ. ಅಷ್ಟು ನಿಜ ಬರೆದು ಉಳಿದದ್ದನ್ನು ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ನನ್ನ ಸಿಟ್ಟು ನನ್ನ ಹತ್ತಿರವೇ ಉಳಿಯುತ್ತದೆ. ಆ ಸಿಟ್ಟಿಲ್ಲದೆ ನಾನು ಏನು ಮಾಡಲಿ? ಅಮ್ಮನ ಕಡೆಯಿಂದ ನನಗೆ ಉಳಿದದ್ದು ಅದೊಂದೇ ಅನ್ನಿಸಿತು. ಟೀ ಆರಿ ಕೆನೆ ಕಟ್ಟಿತು.

ಆಗ ಇನ್ನೊಂದು ಪ್ರಶ್ನೆ ಬಂತು. ಸಮಿತಿ ಆಗಲೇ ಈ ಚಿತ್ರ ಕೇಳಲಿಲ್ಲವೇ? ದಾಖಲೆ ಕೋಣೆಗೆ ಹೋದೆ. ಬೀರುವಿನ ಕೆಳಗಿನ ಖಾನೆಯಲ್ಲಿ ಆ ವರ್ಷದ ಪತ್ರಗಳ ಕಟ್ಟು ಇತ್ತು. ಕೇಳಿದ್ದರು. 'ಪ್ರವಾಹಕ್ಕೆ ಮೊದಲಿನ ಎರಡು ತಿಂಗಳ ಉಪಗ್ರಹ ಚಿತ್ರಗಳಲ್ಲಿ ಕಾಲುವೆಯ ಸ್ಥಿತಿ ಕಾಣುತ್ತದೆಯೇ?' ಅದರ ಕೆಳಗೆ ನಮ್ಮ ಕಚೇರಿಯ ಉತ್ತರದ ನಕಲು. 'ಎಲ್ಲ ಚಿತ್ರಗಳೂ ಮೋಡ. ಉಪಯೋಗಕ್ಕೆ ಬಾರವು.' ಕೆಳಗೆ ಪರಿಶೀಲಿಸಿದವರ ಸಹಿ.

ಸಹಿ ನನ್ನದು. ದಿನಾಂಕ ನೋಡಿದೆ, ಅಮ್ಮ ಹೋಗಿ ಹದಿನೇಳು ದಿನ.

ನೆನಪಾಯಿತು. ಮನೆಯಲ್ಲಿ ಕೂರಲಾಗದೆ ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಬಂದಿದ್ದೆ. ಆ ಪತ್ರ ಬೇರೆಯವರ ಮೇಜಿನಲ್ಲಿತ್ತು. ನಾನೇ ಕೇಳಿ ತೆಗೆದುಕೊಂಡಿದ್ದೆ. ಸಣ್ಣ ಪ್ರತಿಗಳ ಸಾಲನ್ನು ಒಮ್ಮೆ ನೋಡಿದೆ, ಎಪ್ಪತ್ತು, ಎಂಬತ್ತು, ತೊಂಬತ್ತು ಅನ್ನುವ ಅಂಕಿಗಳನ್ನು ನೋಡಿದೆ, ಒಂದನ್ನೂ ತೆರೆಯಲಿಲ್ಲ. ರೂಢಿ ಹಾಗೇ ಇತ್ತು ಅಂತ ಈಗ ಜಾರಿಕೊಳ್ಳಬಹುದು. ಆದರೆ ರೂಢಿಗಾಗಿ ನಾನು ತೆರೆಯದೆ ಬಿಟ್ಟದ್ದಲ್ಲ. ಆವತ್ತು ನನಗೊಬ್ಬ ಅಪರಾಧಿ ಬೇಕಾಗಿದ್ದ. ಸಿಕ್ಕಿದ್ದವನು ತಪ್ಪಿಸಿಕೊಂಡುಬಿಟ್ಟರೆ ಅನ್ನುವ ಭಯವಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರ ಬಗ್ಗೆ ಅಮ್ಮ ಯಾವಾಗಲೂ ನಗುತ್ತಿದ್ದಳು. ದಾಖಲೆ ಕೋಣೆಯ ನೆಲದ ಮೇಲೆ ಕೂತುಬಿಟ್ಟೆ.

ಉತ್ತರ ಮೂರು ಅಂಶದ್ದಾಯಿತು. ಪ್ರದರ್ಶನದ ಚಿತ್ರ ಮರುವರ್ಷದ ತೇಪೆ, ಅದು ಸಾಕ್ಷಿಯಾಗದು. ಪ್ರವಾಹಕ್ಕೆ ಹನ್ನೊಂದು ದಿನ ಮೊದಲಿನ ಮೂಲ ಚಿತ್ರದಲ್ಲಿ ಕಾಲುವೆ ಮಣ್ಣಿನಿಂದ ಮುಚ್ಚಿರುವುದು ಸ್ಪಷ್ಟ. ಸದರಿ ಚಿತ್ರವನ್ನು ಆಗಿನ ಸಮಿತಿಗೆ ಕೊಡದಿದ್ದುದು ಈ ಕೆಳಗೆ ಸಹಿ ಮಾಡಿದವಳು ಅದನ್ನು ತೆರೆದು ನೋಡದಿದ್ದ ಕಾರಣ.

ಸಾಹೇಬರು ಓದಿ ಕನ್ನಡಕ ತೆಗೆದರು. "ಮೊದಲ ಎರಡು ಸಾಕಲ್ಲಮ್ಮಾ. ಮೂರನೇದು ಯಾಕೆ? ಸುಮ್ಮನೆ ಕಚೇರಿ ಮರ್ಯಾದೆ..."

"ಕಚೇರಿ ಹೆಸರು ಬರೆದಿಲ್ಲ ಸಾರ್. ನನ್ನದು ಬರೆದಿದೀನಿ."

"ಇರಬಹುದು, ಇಲ್ಲದೇನೂ ಇರಬಹುದು ಅನ್ನೋ ಥರ ಬರೆಯೋಕಾಗಲ್ವಾ?" ಅವರು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಡುವವರೇ. "ಆಗಲ್ಲ," ಅಂದೆ. ಗೊಣಗುತ್ತಾ ಮುದ್ರೆ ಒತ್ತಿದರು. ನನ್ನ ಮೇಲೆ ವಿಚಾರಣೆಯ ನೋಟಿಸು ಅದೇ ವಾರ ಬಂತು.

ಪತ್ರದ ನಕಲನ್ನೂ ಚಿತ್ರವನ್ನೂ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಮನೆಯ ಮುಂಭಾಗದಲ್ಲೇ ಭಾವನ ಅಂಗಡಿ. ಕೆಲಸ ಹೋದ ಮೇಲೆ ಅವರು ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಬದುಕಿದರು. ನಾನು ಹೋದಾಗಲೂ ಸುತ್ತುತ್ತಿದ್ದರು, ತುಟಿ ಅಲುಗಿಸಿ ಸುತ್ತು ಎಣಿಸುತ್ತಾ. ನನ್ನನ್ನು ನೋಡಿದರು, ಎಣಿಕೆ ನಿಲ್ಲಿಸಲಿಲ್ಲ. ಕೂರು ಅನ್ನಲಿಲ್ಲ. ಅಕ್ಕ ಒಳಬಾಗಿಲಿಗೆ ಬಂದು ನಿಂತಳು, ಅವಳೂ ಅನ್ನಲಿಲ್ಲ. ಆ ಸುರುಳಿ ಮುಗಿಯುವ ತನಕ ನಾನು ವಾರ್ನಿಷಿನ ವಾಸನೆಯಲ್ಲಿ ಕಾಗದ ಹಿಡಿದು ನಿಂತಿದ್ದೆ.

ಮುಗಿಸಿ, ಕೈ ಒರೆಸಿಕೊಂಡು ಪತ್ರ ಓದಿದರು. ಚಿತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮತ್ತೆ ಪತ್ರದ ಮೂರನೆಯ ಅಂಶಕ್ಕೆ ಬಂದರು.

"ಈ ತೂತಿನಲ್ಲಿ ಕಾಣ್ತಿತ್ತಾ ಆವತ್ತೇ?"

"ಕಾಣ್ತಿತ್ತು ಭಾವ."

"ನೀನು ನೋಡ್ಲಿಲ್ಲ."

"ನೋಡ್ಲಿಲ್ಲ."

"ನೋಡಕ್ಕಾಗ್ಲಿಲ್ವಾ, ಬೇಡ ಅನ್ನಿಸ್ತಾ?"

ಸುಳ್ಳು ಬಾಯಿಯ ತನಕ ಬಂತು. "ಬೇಡ ಅನ್ನಿಸ್ತು," ಅಂದೆ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಭಾವ ಪತ್ರವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಚಿತ್ರವನ್ನು ಗೋಡೆಯ ಮೊಳೆಗೆ, ತಂತಿಯ ಸುರುಳಿಗಳ ಪಕ್ಕಕ್ಕೆ ಸಿಕ್ಕಿಸಿದರು.

"ಭಾವ, ನನ್ನದು ತಪ್ಪಾಯ್ತು. ಈ ವರ್ಷ ಅಮ್ಮನ ದಿನಕ್ಕೆ ಮನೆಗೆ ಬನ್ನಿ. ಒಳಗೆ ಬನ್ನಿ."

ಅವರು ಹೊಸ ಸುರುಳಿಗೆ ತಂತಿ ಕಟ್ಟಿದರು. "ನಿಮ್ಮಮ್ಮ ನನ್ನ ಹುಡುಕಿ ಅಳಿಯ ಮಾಡ್ಕೊಂಡವರು. ಆವತ್ತು ಗೇಟು ಎತ್ತಿದೋನೇ ಅವರ ಮನೆಗೇ ಓಡಿದ್ದೆ. ಬೀದಿ ತುದಿ ದಾಟೋಕಾಗ್ಲಿಲ್ಲ, ಎದೆಮಟ್ಟ ನೀರು. ಅದನ್ನ ನೀನು ಒಂದು ಸಲ ಕೇಳ್ಬಹುದಿತ್ತು." ತಂತಿಯ ತುದಿ ಬಿಗಿದು ಹೇಳಿದರು. "ಈ ಸಲ ಊಟ ಇಲ್ಲೇ. ನಿಮ್ಮಕ್ಕ ಮಾಡ್ತಾಳೆ. ನೀನೂ ಬಾ."

"ಬರ್ತೀನಿ," ಅಂದೆ.

"ಬಂದು ಎದುರುಗಡೆ ನಿಂತ್ಕೋ."

ಆಮೇಲೆ ಮತ್ತೆ ಒಂದರಿಂದ ಎಣಿಸತೊಡಗಿದರು.

ಇಲಾಖೆ ಆ ಪದವನ್ನು ಎರಡು ತಿಂಗಳಲ್ಲಿ ಅಳಿಸಿತು. ಅಮ್ಮನ ದಿನ ಅದಾಗಿ ಒಂಬತ್ತು ದಿನಕ್ಕೆ ಬಂತು. ನಾನು ಬೆಳಗ್ಗೆ ಹತ್ತಕ್ಕೇ ಹೋದೆ. ಅವರ ಮನೆಯ ಎದುರು ಟೈರ್ ಅಂಗಡಿ ಇಲ್ಲ, ಮುಚ್ಚಿದ ಗಿರಣಿಯ ಗೋಡೆಯಿದೆ, ನೆರಳಿಲ್ಲ. ಸೆಖೆ ಹುಚ್ಚೆದ್ದಿತ್ತು. ಒಳಗೆ ಒಗ್ಗರಣೆ ಚುಂಯ್ ಅಂದದ್ದು, ತಟ್ಟೆ ಇಟ್ಟದ್ದು ಕೇಳಿಸಿತು. ಅಕ್ಕ ಹೊರಗೆ ಬರಲಿಲ್ಲ. ಹನ್ನೆರಡರ ಹೊತ್ತಿಗೆ ಕಿಟಕಿಯ ಪರದೆ ಸರಿದು ಭಾವನ ಮುಖ ಕಾಣಿಸಿತು. ನಾನು ಅವರನ್ನು ನೋಡುತ್ತಿದ್ದ ಹಾಗೆಯೇ ಅವರೂ ನನ್ನನ್ನು ನೋಡಿದರು. ಪರದೆ ಮುಚ್ಚಿತು. ನಾನು ಕಾಲು ಬದಲಿಸಿ ನಿಂತೆ. ಅವರು ಇಪ್ಪತ್ತು ಸಲ ನಿಂತಿದ್ದರು, ನನ್ನದು ಇದು ಮೊದಲನೆಯದು.